ಟೀಸಿ ಇಲ್ಲದಿದ್ರೂ ಬನ್ನಿ

ಕೂತ್ಕೋ ಹುಲಿಗೆವ್ವ. ಫ್ಯಾನು ತಿರುಗುವುದಿಲ್ಲ,
ಕಿಟಕಿ ಕಡೆ ಸರಿದರೆ ಕಾಳಿ ನದಿಯ ಗಾಳಿ ಸಾಕು.
ಕಾರವಾರಕ್ಕೆ ಬಂದವರು ಮನೆ ಬಾಡಿಗೆ ಕೇಳಿದ ಮೇಲೆ
ಎರಡನೆಯದಾಗಿ ಕೇಳುವುದು ಇದನ್ನೇ:
ಯಾವ ಸಾಲಿ ಚಲೋ ಅಕ್ಕೋರೆ?
ಹೇಳುತ್ತೇನೆ. ಸುಳ್ಳು ಹೇಳಿದರೆ
ರವಿವಾರದ ಸಂತೆಯಲ್ಲಿ ನಿನ್ನ ಕೈಗೇ ಸಿಕ್ಕಿಬೀಳುತ್ತೇನೆ.

ಬಂದರಿನ ಹತ್ತಿರದ್ದು ದೊಡ್ಡ ಶಾಲೆ. ಗೋಡೆಗೆ ರೈಲಿನ ಚಿತ್ರ,
ಬೋಗಿಗೊಂದು ಮಗ್ಗಿ. ಆದರೆ ಹೆದ್ದಾರಿ ದಾಟಬೇಕು,
ನಾಲ್ಕು ಸಾಲು ಆದ ಮೇಲೆ ಲಾರಿಯವರಿಗೆ
ಮೂರಡಿ ಎತ್ತರದ್ದು ಯಾವುದೂ ಕಾಣುವುದಿಲ್ಲ.
ಕೈಹಿಡಿದು ದಾಟಿಸುವವರಿದ್ದರೆ ಮಾತ್ರ ಅಲ್ಲಿಗೆ ಹಾಕು.

ಗುಡ್ಡದ ಬುಡದ್ದು ಮರಾಠಿ ಶಾಲೆ. ಏಳು ಮಕ್ಕಳು, ಒಬ್ಬರು ಬಾಯಿ.
ಹೋದ ವರ್ಷ ಹನ್ನೊಂದಿತ್ತು.
ಅವರ ಬಾವಿನೀರು ಸಿಹಿ, ಮೇ ತಿಂಗಳಲ್ಲಿ ನಾವೂ ಹೊತ್ತು ತರುತ್ತೇವೆ.
ಶಾಲೆ ಮುಚ್ಚಿದರೆ ಬಾವಿ ಯಾರದ್ದೋ...
ಇರಲಿ, ನಿನಗೆ ಬೇಡದ ಮಾತು.

ನೌಕಾನೆಲೆಯ ಗೇಟಿನೊಳಗೂ ಒಂದಿದೆ.
ಸಮವಸ್ತ್ರಕ್ಕೆ ಟೈ, ಹೋಗಿಬರಲು ಬಸ್ಸು.
ನಿನ್ನ ಗಂಡನಿಗೂ ಆ ಗೇಟಿನ ಪಾಸಿದೆ, ಗೊತ್ತು.
ಅದು ಕಾಂಟ್ರಾಕ್ಟರನ ಪಾಸು, ಬಣ್ಣ ಬೇರೆ.
ಆ ಬಣ್ಣದವರಿಗೆ ಮಕ್ಕಳಿಲ್ಲ.

ಇನ್ನು ನಮ್ಮದು.
ಎರಡು ಕೋಣೆ ಸೋರುತ್ತವೆ. ಮೂರನೆಯದರಲ್ಲಿ ಕಂಪ್ಯೂಟರು
ಗೋಣಿಚೀಲ ಹೊದ್ದು ಮಲಗಿದೆ.
ಅಡುಗೆ ನೇತ್ರಾಳದ್ದು, ಸಾಂಬಾರಿಗೆ ಕೊಬ್ಬರಿ ಜಾಸ್ತಿ.
ಮೊದಲ ವಾರ ನಿನ್ನವರು ರೊಟ್ಟಿ ಕೇಳುತ್ತಾರೆ,
ಎರಡನೆಯ ವಾರ ಅನ್ನಕ್ಕೇ ಮತ್ತೆ ತಟ್ಟೆ ಒಡ್ಡುತ್ತಾರೆ.
ಮೈದಾನದಲ್ಲಿ ಕೊಂಕಣಿ, ಒಳಗೆ ಕನ್ನಡ, ಜಗಳಕ್ಕೆ ಎರಡೂ.
ಯಮನೂರ 'ಯಾಕಲೇ' ಅಂದರೆ ಮೊದಲು ನಗುತ್ತಾರೆ,
ದೀಪಾವಳಿ ಹೊತ್ತಿಗೆ ನಗುವವರ ಬಾಯಲ್ಲೂ ಅದೇ.
ಇವನು 'ಯೋ ರೇ' ಅನ್ನುತ್ತ ಮನೆಗೆ ಬಂದರೆ ಹೊಡೆಯಬೇಡ.
ಮಳೆಗೆ ರಜೆಯೋ ಅಲ್ಲವೋ ಫೋನಿಗೆ ಬರುತ್ತದೆ,
ಫೋನಿಗೆ ಕರೆಂಟು ಬಂದರೆ.

ಆಧಾರ್ ತಂದೆಯಾ? ಜನನ ದಾಖಲೆ? ಟೀಸಿ?
ಇಲ್ಲವೆಂದು ಸೆರಗು ಹಿಂಡಬೇಡ.
ಕೊಪ್ಪಳದ ಆ ಮಾಸ್ತರಿಗೆ ನಾನೇ ಫೋನು ಮಾಡುತ್ತೇನೆ.
ಕಾಗದ ನಿಧಾನವಾಗಿ ನಡೆದು ಬರಲಿ, ಹುಡುಗ ನಾಳೆಯೇ ಬರಲಿ.

ಬೀರುವಿನಲ್ಲಿ ನನ್ನದೊಂದು ಟೀಸಿ ಇದೆ.
ಕು. ಶೆವಂತಿ ಬುದವಂತ ಹರಿಕಂತ್ರ, ಮೂರನೇ ಇಯತ್ತೆ.
ಊರೇ ಏಳುವ ದಿನ ದೊಡ್ಡ ಮಾಸ್ತರರು ಮರಳಲ್ಲಿ ಮೇಜು ಹಾಕಿ
ನಲವತ್ತಮೂರು ಟೀಸಿ ಬರೆದರು. ಪಕ್ಕದಲ್ಲಿ ಲಾರಿ,
ಅದರಲ್ಲಿ ಬಲೆ, ಒರಳು, ಶಾಲೆಯ ಗಂಟೆ.
ನೀಲಿ ಶಾಯಿ ಮುಗಿಯಿತು.
ಕೊನೆಯ ಐದು ಕೆಂಪಿನಲ್ಲಿ. ನನ್ನದು ಅದರಲ್ಲೊಂದು.

ಹೊಸ ಶಾಲೆಯವರು ಕೆಂಪು ನಡೆಯುವುದಿಲ್ಲ ಅಂದರು,
ಹಳೆಯ ಶಾಲೆಯಿಂದ ಬೇರೆ ಬರೆಸಿಕೊಂಡು ಬಾ.
ಹಳೆಯ ಶಾಲೆಗೆ ಆಗಲೇ ತಂತಿಬೇಲಿ.
ಹನ್ನೊಂದು ದಿನ ಅಪ್ಪ ಆಫೀಸು ತಿರುಗಿದ,
ಹನ್ನೊಂದು ದಿನ ನಾನು ಜಗಲಿಯಲ್ಲಿ, ಚೀಲ ತೊಡೆಯ ಮೇಲೆ.
ಒಳಗೆ ಹದಿಮೂರರ ಮಗ್ಗಿ ನಡೆದಿತ್ತು.
ಹದಿಮೂರೇಳಲಿ ತೊಂಬತ್ತೊಂದರ ಹತ್ತಿರ ಅವರೆಲ್ಲ ಎಡವುತ್ತಿದ್ದರು,
ನಾನು ಹೊರಗಿನಿಂದ ತಪ್ಪಿಲ್ಲದೆ ಹೇಳುತ್ತಿದ್ದೆ,
ತುಟಿ ಅಲ್ಲಾಡಿಸದೆ.

ಇರಲಿ. ರಿಜಿಸ್ಟರು ತೆಗೆದೆ.
ಯಮನೂರಪ್ಪ ಅಂತ ಬರೆಯಲೋ, ಯಮನೂರ ಸಾಕೋ?
ಬೂಟಿನ ಅಳತೆ ಒಂದು ನಂಬರು ದೊಡ್ಡದೇ ಹೇಳು,
ಬರುವಷ್ಟರಲ್ಲಿ ಕಾಲು ಬೆಳೆದಿರುತ್ತದೆ.
ಸ್ವಂತ ಊರು ಅನ್ನುವ ಕಡೆ ಏನು ಹಾಕಲಿ?
ಯೋಚಿಸು, ಅವಸರವಿಲ್ಲ, ಅದೊಂದನ್ನು ಪೆನ್ಸಿಲಿನಲ್ಲಿ ಬರೆದಿರುತ್ತೇನೆ.
ನಾಳೆ ಒಂಬತ್ತೂವರೆಗೆ. ಕೊಡೆ ಇಲ್ಲದಿದ್ದರೆ
ಪ್ಲಾಸ್ಟಿಕ್ ಹೊದಿಸಿ ಕಳಿಸು.
ತಟ್ಟೆಗೆ ಹೆಸರು ಕೆತ್ತಿಸು. ಇಲ್ಲಿ ಎಲ್ಲ ತಟ್ಟೆಯೂ ಒಂದೇ ಥರ.