ಗಡ್ಡಿಗೆ ಬಸ್ಸಿಲ್ಲ

ಹತ್ತೊಂಬತ್ತು ವರ್ಷ ರಾಯಚೂರು ಬಸ್‌ಸ್ಟ್ಯಾಂಡಿನ
ವಿಚಾರಣೆ ಕಿಂಡಿಯೊಳಗ ಕೂತು
ಮಾನವಿ, ಸಿಂಧನೂರು, ಮಂತ್ರಾಲಯ, ಕರ್ನೂಲು ಅಂತ
ಮೈಕಿನಾಗ ಊರು ಹಂಚಿದಾಕಿ ನಾನು.
ಅದರಾಗ ಹೋಗಿ ನೋಡಿದ್ದು ನಾಕು.

ಗುರುವಾರಕ್ಕೊಮ್ಮೆ ಒಬ್ಬಾಕಿ ಬರತಿದ್ದಳು,
ಸೊಂಟದಾಗ ಸೌತಿಕಾಯಿ ಮಾರಿದ ಖಾಲಿ ಬುಟ್ಟಿ.
'ಯಕ್ಕಾ, ಗೊಲ್ಲರಗಡ್ಡಿಗೆ ಬಸ್ಸೇನರ ಬಿಟ್ಟಾರೇನ?'
'ಗಡ್ಡಿಗೆ ಬಸ್ಸಿಲ್ಲ. ಮುಂದಿನವರು.'
ಹೊಳಿ ಮ್ಯಾಲೆ ಬಸ್ಸು ಓಡೂದಿಲ್ಲಂತ ಅಕಿಗೂ ಗೊತ್ತಿತ್ತು.
ಆದರೂ ಕೇಳತಿದ್ದಳು.
ಈ ಸಲ ಉಗಾದಿ ಆದಮ್ಯಾಲೆ ಬರಲಿಲ್ಲ.

ಒಂದು ದಿನ ರಜಾ ಹಾಕಿದೆ.
ಕಾರಣ ಅನ್ನೋ ಖಾನೆಯೊಳಗ 'ಸ್ವಂತ ಕೆಲಸ' ಅಂತ ಬರದೆ.

ಹೋಗೂದು ಹ್ಯಾಂಗ?
ನನ್ನ ಕಿಂಡಿಯೊಳಗ ಕೂತಿದ್ದ ಹೊಸ ಹುಡುಗ ಶರಭಯ್ಯ
ತಲಿ ಎತ್ತದ ಅಂದ, 'ಗಡ್ಡಿಗೆ ಬಸ್ಸಿಲ್ಲ',
ಥೇಟ್ ನನ್ನ ದನಿಯೊಳಗೇ.
ಡ್ರೈವರ್ ಖಾಸಿಂಸಾಬ ಹೇಳಿದ:
ಶಕ್ತಿನಗರದ ತನಕ ನಮ್ಮ ಗಾಡಿ, ಆಮ್ಯಾಲೆ ಟಂಟಂ,
ಹತ್ತು ಮಂದಿ ತುಂಬೋತನಕ ಹೊಂಡೂದಿಲ್ಲ,
ತುಂಬಿದ ಮ್ಯಾಲೂ ಹೊಂಡೂದಿಲ್ಲ.
ಚಾದ ಅಂಗಡಿ ಮೌನೇಶ:
ನನ್ನ ಬೈಕ್ ಒಯ್ರಿ. ಪೆಟ್ರೋಲ್ ನಿಮ್ದು, ಬ್ರೇಕ್ ದೇವರದು.
ಬೂಟ್ ಪಾಲಿಶ್ ಮುದುಕ ಬ್ರಷ್ ನಿಲ್ಲಿಸಿ:
ಬ್ಯಾಸಗಿ ಅದ, ನಡಕೋತನ ದಾಟಬಹುದು, ಮೊಣಕಾಲುದ್ದ ನೀರು.
ಮೊಸಳಿ ಇರ್ತಾವ.
ಅವಕ್ಕೂ ಈ ಬಿಸಿಲಿಗೆ ಬ್ಯಾಸರ ಬಂದಿರ್ತದ ಬಿಡ್ರಿ.

ಬಸ್ಸು. ಟಂಟಂ. ಹುಲ್ಲಿನ ಟ್ರ್ಯಾಕ್ಟರಿನವ
ಪಾಪ ಅಂತ ಹತ್ತಿಸಿಕೊಂಡ.
ಹಿಂದ ಕರೆಂಟಿನ ಚಿಮಣಿಗೋಳು, ಮುಂದ ಕೃಷ್ಣಾ,
ದಂಡಿ ಮ್ಯಾಲೆ ಬೋರಲು ಬಿದ್ದ ಹರಿಗೋಲು,
ಅದರ ನೆರಳಾಗ ಜಂಬಣ್ಣ.
'ಎಷ್ಟಕ್ಕ ಬಿಡ್ತೀರಿ?' ಅಂದೆ.
'ಮೂವತ್ತು' ಅಂದ.
ನಾನು ಕೇಳಿದ್ದು ಟೈಮು.

ಹರಿಗೋಲು ನೆಟ್ಟಗ ಹೋಗೂದಿಲ್ಲ, ತಿರುಗತದ.
ಒಂದು ಸುತ್ತಿಗೆ ಚಿಮಣಿ, ಒಂದು ಸುತ್ತಿಗೆ ಗಡ್ಡಿ,
ನಡುವ ಡಾಂಬರಿನ ವಾಸನಿ,
ಎರಡು ಆಡು, ಒಂದು ಗ್ಯಾಸ್ ಸಿಲಿಂಡರ್,
ಅದನ್ನ ಅಪ್ಪಿಕೊಂಡು ಕೂತ ಸಾಲಿ ಮಾಸ್ತರ.

ಆಮ್ಯಾಲೆ ಮರಳು.
ಸಮುದ್ರ ಕಂಡಾಕಿಯಲ್ಲ ನಾನು,
ಗೋವಾ ಬಸ್ಸಿನ ಟೈಮು ಹೇಳೀನಷ್ಟ.
ಚಪ್ಪಲಿ ಕೈಯಾಗ ಹಿಡದೆ. ಮ್ಯಾಲೆ ಕೆಂಡ,
ಒಂದು ಗೇಣು ಕೆಳಗ ತಂಪು.
ಅಲ್ಲೇ ಕುಣಿ ತೋಡಿ ಸೌತಿ ಬಳ್ಳಿ ಹಾಕಿದ್ದರು.
ನೀರುಣಸೋ ಹುಡುಗಿ ನನ್ನ ಮಾತು ಕೇಳಿ ತಂಬಗಿ ಇಳಿಸಿದಳು:
'ನೀವು ಮೈಕಿನ ಬಾಯಿ ಅಲ್ಲೇನ್ರಿ?
ನಮ್ಮವ್ವ ನಿಮ್ಮಂಗ ಮೂಗಿಲೆ ಅಂದು ತೋರಸತಿದ್ದಳು,
ಗಡ್ಡಿಗೆ ಬಸ್ಸಿಲ್ಲ, ಮುಂದಿನವರು.
ನಾವು ಬಿದ್ದು ಬಿದ್ದು ನಗತಿದ್ವಿ.'

ಅವ್ವ ಗುಡಸಲದಾಗ ಇದ್ದಳು, ಕಾಲಿಗೆ ಬಿದಿರಿನ ಪಟ್ಟಿ.
ನನ್ನ ನೋಡಿ ಎದ್ದೇಳಲಿಲ್ಲ, ಏಳಾಕ ಬರತಿದ್ದಿಲ್ಲ.
'ಹ್ಯಾಂಗ ಬಂದಿ?' ಅಂದಳು.
ಬಸ್ಸು, ಟಂಟಂ, ಟ್ರ್ಯಾಕ್ಟರು, ಹರಿಗೋಲು,
ಒಂದೂ ಬಿಡದ ಒಪ್ಪಿಸಿದೆ, ಸಾಲಿ ಹುಡುಗಿಯಂಗ.
'ಜಂಬ್ಯಾಗ ಎಷ್ಟು ಕೊಟ್ಟಿ?'
'ಮೂವತ್ತು.'
'ಮೋಸ' ಅಂತ ಎಳೀ ಸೌತಿಕಾಯಿಗೆ ಉಪ್ಪು ಹಚ್ಚಿ ಕೊಟ್ಟಳು.

ಸಂಜಿಮುಂದ ಆ ದಂಡಿಗೆ ಜಂಬಣ್ಣ ಮಲಗಿಬಿಟ್ಟಿದ್ದ.
ಕೈ ಬಾಯಿಗೆ ಹಿಡಕೊಂಡು ಕೂಗಿದೆ,
'ಪ್ರಯಾಣಿಕರ ಗಮನಕ್ಕೆ' ಅಂತಲೇ ಸುರುವಾತು, ರೂಢಿ ನೋಡ್ರಿ.
ಮೈಕಿಲ್ಲದ ದನಿ ನಡುನೀರಾಗೇ ಮುಳುಗಿತು.
ಹುಡುಗಿ ಎರಡು ಬೆರಳು ಬಾಯಾಗಿಟ್ಟು ಸಿಳ್ಳಿ ಹೊಡದಳು.
ಜಂಬಣ್ಣ ಎದ್ದ, ಕೊಕ್ಕರಿ ಎದ್ದವು,
ಎಲ್ಲೋ ಒಂದು ನಾಯಿನೂ ಎದ್ದಿತು.

ಮರುದಿನ ಕಿಂಡಿ ತುಂಬ ಮಂದಿ.
ಯಾರೋ ಹುಡುಗ, ಬಗಲಾಗ ಚೀಲ:
'ಗೊಲ್ಲರಗಡ್ಡಿಗೆ...'
'ಬಸ್ಸಿಲ್ಲ' ಅಂದೆ.
ಅವ ತಿರುಗಿದ.
'ಏ ನಿಂದರಪಾ, ಕೇಳಿಲ್ಲಿ. ಮೊದಲು ಶಕ್ತಿನಗರದ ಗಾಡಿ ಹಿಡಿ...'
ಪಾಳಿಯೊಳಗ ಹಿಂದಿನವರು ಗೊಣಗಾಕ ಹತ್ತಿದರು.
'...ಜಂಬಣ್ಣಗ ಇಪ್ಪತ್ತರ ಮ್ಯಾಲೆ ಕೊಡಬ್ಯಾಡ.
ಸಿಳ್ಳಿ ಹೊಡಿಯಾಕ ಬರತದೇನ ನಿನಗ?'