ಕುಲಾವಿ

ಗ್ರಿಮ್ಸ್‌ಬಿಯ ಲೈಬ್ರರಿ, ಮಹಡಿಯ ಕೋಣೆ.
ಮೂವತ್ತೊಂದು ಕುರ್ಚಿ ಹಾಕಿದ್ದೆ, ಹತ್ತೊಂಬತ್ತು ತುಂಬಿದವು.
ಬಂದರಿನ ಗಾಳಿಗೆ ಕಿಟಕಿಯ ಚೌಕಟ್ಟು
ಹಲ್ಲು ಕಡಿಯುತ್ತಿತ್ತು.
ಒದ್ದೆ ಕೋಟುಗಳಿಂದ ಉಣ್ಣೆಯ ವಾಸನೆ, ಅದರಡಿಗೆ ಮೀನು.
ಹಿಲರಿ ಥ್ರಪ್ ಓದಿ ಮುಗಿಸಿ ನೀರು ಕುಡಿದರು.
ಹನ್ನೊಂದು ಕಾದಂಬರಿ ಬರೆದವರು.
ಕನ್ನಡಕ ಹಣೆಗೇರಿಸಿ, "ಕೇಳಿ" ಅಂದರು, "ಏನು ಬೇಕಾದರೂ."

ನನ್ನ ಕೆಲಸ ಮೈಕು ಹಿಡಿದು ಓಡಾಡುವುದು.
ಕೈ ಎತ್ತಿದವರ ಬಾಯಿಯ ಹತ್ತಿರ ಒಯ್ಯುವುದು
ಎಣ್ಣೆ ತುಂಬಿದ ಹಣತೆಯ ಹಾಗೆ, ತುಳುಕದೆ.

ಮೊದಲು ನೋರೀನ್ ಪ್ಯಾಡ್ಲಿ:
ಹಸ್ತಪ್ರತಿಗೆ ತೂತು ಹೊಡೆದು ದಾರ ಕಟ್ಟಬೇಕೋ
ಪಿನ್ನು ಸಾಕೋ? ಪಿನ್ನು ನೋಡಿ
ಅವರು ಬೇಜಾರು ಮಾಡಿಕೊಳ್ಳುವುದಿಲ್ಲ ತಾನೆ?
'ಅವರು' ಅನ್ನುವಾಗ ದನಿ ತಗ್ಗಿತು,
ಹೊಸ ಸೊಸೆ ಗಂಡನ ಹೆಸರು ಹೇಳಿದ ಹಾಗೆ.

ನನ್ನ ಕಥೆ ಕದ್ದುಬಿಟ್ಟರೆ ಏನು ಗತಿ ಅಂದ ಇನ್ನೊಬ್ಬ.
ಏನು ಕಥೆ ಎಂದು ಕೇಳಿದರೆ ಎಡಕ್ಕೂ ಬಲಕ್ಕೂ ನೋಡಿ
ಚೀಲದ ಜಿಪ್ಪು ಎಳೆದುಕೊಂಡ.

ಶಾಲೆಯ ಬ್ಲೇಜರಿನಲ್ಲೇ ಬಂದಿದ್ದ ಹುಡುಗಿ:
ಹಿಂಬದಿಯ ಫೋಟೋದಲ್ಲಿ ನಗಬಹುದಾ?

ಆಮೇಲೆ ಟೈ ಕಟ್ಟಿದ್ದ ಮನುಷ್ಯ ಎದ್ದು ನಿಂತೇ ಕೇಳಿದ.
ಸಿನಿಮಾ ಮಾಡಿದರೆ ನಾಯಕನನ್ನು ಆರಿಸುವುದು
ಅವರೋ, ನಾವೋ?
"ಎಷ್ಟು ಪುಟ ಆಗಿದೆ?"
"ಇನ್ನೂ ಶುರುವಾಗಿಲ್ಲ. ಹೆಸರಿಟ್ಟಿದ್ದೇನೆ."

ಕೋಣೆ ನಕ್ಕಿತು. ನಾನೂ ನಕ್ಕೆ, ಒಳಗೊಳಗೇ, ಗದಗಿನ ಸೋದರತ್ತೆಯ ಬಾಯಲ್ಲಿ:
ಕೂಸು ಹುಟ್ಟೋಕೆ ಮುಂಚೆ ಕುಲಾವಿ.
ಹಿಲರಿ ನಗಲಿಲ್ಲ. "ಏನು ಹೆಸರು?"
ಹೇಳಿದ. ಅವನ ಕಿವಿ ಕೆಂಪಾದವು.
ಅವರು ಅದನ್ನು ಮೆಲ್ಲಗೆ ಮತ್ತೊಮ್ಮೆ ಅಂದು ನೋಡಿದರು
ಸಾರಿಗೆ ಉಪ್ಪು ಸಾಕೇ ಎಂದು ನೋಡುವವರಂತೆ.

ಕೊನೆಯಲ್ಲಿ ಸಿರಿಲ್ ಬ್ಲ್ಯಾಂಚರ್ಡ್. ಕೈ ಎತ್ತಿರಲಿಲ್ಲ,
ಕೋಲು ಎತ್ತಿದ್ದರು. ಕಳಿಸಿದ ಮೇಲೆ
ಬಾಗಿಲ ಹತ್ತಿರ ಎಷ್ಟು ದಿನ ಕೂತಿರಬೇಕು?
ಅಂಚೆ ಬರುವುದು ಹನ್ನೊಂದಕ್ಕೆ,
ಕರೆಗಂಟೆ ಕೇಳಿ ಎದ್ದು ಹೋಗುವಷ್ಟರಲ್ಲಿ
ನನ್ನ ಮಂಡಿಗೆ, ನೋಡಿ, ಹೊತ್ತು ಹಿಡಿಯುತ್ತದೆ.

ಹಿಲರಿಗೆ ಉತ್ತರ ಬರಲಿಲ್ಲ.
ಮೈಕಿನಲ್ಲಿ ಸಿರಿಲ್‌ರ ಉಸಿರು ಮಾತ್ರ, ಕಿಟಕಿ ಮಾತ್ರ.
"ಗೊತ್ತಿಲ್ಲ" ಅಂದರು. "ಹನ್ನೆರಡನೆಯದು
ಕಳಿಸಿ ಏಳು ತಿಂಗಳು.
ಸ್ನಾನಕ್ಕೂ ಫೋನು ತಗೊಂಡು ಹೋಗುತ್ತೇನೆ."

ಆಮೇಲೆ ಚಹಾ, ಒಣ ಬಿಸ್ಕತ್ತು, ಸಹಿ. ನಾಲ್ಕು ಪುಸ್ತಕ ಹೋದವು.

ಕುರ್ಚಿ ಮಡಚುವಾಗ ನೋರೀನ್ ಕೂತಲ್ಲಿ ಒಂದು ಚೀಟಿ.
ಅವಳ ಪ್ರಶ್ನೆ, ನಾಲ್ಕು ಸಲ ತಿದ್ದಿದ್ದು:
'ದಾರ' ಹೊಡೆದು 'ಹಗ್ಗ', 'ಹಗ್ಗ' ಹೊಡೆದು 'ದಾರ',
ಮೊದಲಿಗೆ ಕಿರಿದಾಗಿ ತುರುಕಿದ ಒಂದು 'ದಯವಿಟ್ಟು'.
ಅಷ್ಟು ಹೊತ್ತೂ ಹೇಳಿದ್ದು ಬಾಯಿಪಾಠ.

ಅತ್ತೆಯ ಗಾದೆ ಹೊಲಿಸಿದವರನ್ನು ನೋಡಿ ನಗುತ್ತದೆ,
ಹೊಲಿದವಳ ಸುದ್ದಿ ಎತ್ತುವುದಿಲ್ಲ.
ಕಾಣದ ತಲೆಗೆ ಅಳತೆ ಊಹಿಸಿ
ಒಳಮಗ್ಗುಲು ಚುಚ್ಚದಿರಲೆಂದು ಅಂಚು ಮಡಚಿ
ದೀಪದ ಹತ್ತಿರ ಜರುಗಿ ಕೂತಿರಬೇಕು ಅವಳೂ.

ದೀಪ ಆರಿಸಬೇಕಿತ್ತು. ಕೆಳಗೆ ಕಾವಲಿನವನು ಬೀಗದ ಕೈ ಕುಲುಕುತ್ತಿದ್ದ.
ನನ್ನ ಲಾಕರಿನಲ್ಲಿ, ಊಟದ ಡಬ್ಬಿಯ ಕೆಳಗೆ
ನೂರಾ ಹದಿನಾಲ್ಕು ಹಾಳೆ, ಈ ಊರಲ್ಲಿ
ಓದಬಲ್ಲವನು ನಾನೊಬ್ಬನೇ.
ಇಡೀ ಸಂಜೆ ಮೈಕು ನನ್ನ ಕೈಯಲ್ಲೇ ಇತ್ತಲ್ಲ.
ಆರಿಸಿರಲಿಲ್ಲ ಇನ್ನೂ. ಮಡಚಿದ ಕುರ್ಚಿಗಳನ್ನು ಕೇಳಿದೆ, ಕನ್ನಡದಲ್ಲಿ,
ಪಿನ್ನು ಸಾಕಾ?

ಗೋಡೆಯ ಸ್ಪೀಕರು ಒಮ್ಮೆ ಕೆಮ್ಮಿತು.