ಅಚ್ಚಿಲ್ಲದ ಅಂಗ

ಕಡೂರಿನ ಅಕ್ಕಸಾಲಿ ಬೀದಿಯಲ್ಲಿ
ಮೌನೇಶಾಚಾರ್ ಡಬ್ಬಿ ತೆರೆದರು:
ಬೆಳ್ಳಿ ತಗಡಿನ ಕಣ್ಣು, ಜೋಡಿ ಪಾದ,
ಕೈ, ಕಿವಿ, ತೊಟ್ಟಿಲಲ್ಲಿ ಮಲಗಿದ ಕೂಸು.
ಈಚೆಗೆ ಮೊಣಕಾಲಿಗೇ ಗಿರಾಕಿ ಜಾಸ್ತಿ, ಅಂದರು.
ನನಗೆ ಬೇಕಾದ್ದು ಥೈರಾಯ್ಡು.
ಅದಕ್ಕೆ ಅಚ್ಚಿಲ್ಲ.

ಹೇಗಿರುತ್ತಮ್ಮ ಅದು?
ಹಾಸನದ ಡಾಕ್ಟರು ಚೀಟಿಯ ಹಿಂದೆ
ಗೀಚಿಕೊಟ್ಟ ಚಿತ್ರ ತೋರಿಸಿದೆ.
ಇದು ಚಿಟ್ಟೆಯಲ್ಲವೇ, ಅಂದರು.
ಹೌದು, ಎಡ ರೆಕ್ಕೆಯಲ್ಲೊಂದು ಗಂಟು.
ಗಂಟು ಬೇಡ ಬಿಡಿ, ಎಂದು
ಬರೀ ಚಿಟ್ಟೆ ಕತ್ತರಿಸಿದರು.
ನೂರಾ ಎಂಬತ್ತು.
ಚಿಲ್ಲರೆ ನನ್ನ ಹತ್ತಿರ ಯಾವತ್ತೂ ಇರುತ್ತೆ.

ಹನ್ನೊಂದು ವರ್ಷ ಕಡೂರು–ಹೊಸದುರ್ಗ ರೂಟಿನಲ್ಲಿ
ಮುಂದೆ ಹೋಗಿ, ಮುಂದೆ ಜಾಗ ಇದೆ ಎಂದು
ಇಲ್ಲದ ಜಾಗವನ್ನು ಕೂಗಿ ಕರೆದ ಗಂಟಲು.
ಯಾರೋ ಮದ್ದು ಹಾಕಿದ್ದಾರೆ, ಅನ್ನುತ್ತಾರೆ ಅತ್ತೆ.
ಮದ್ದಿಗೆ ಕರಗುವುದಲ್ಲ, ಕೊಯ್ಯಬೇಕು, ಅನ್ನುತ್ತಾರೆ ಡಾಕ್ಟರು;
ದನಿಯ ನರ ಪಕ್ಕದಲ್ಲೇ ಹಾದಿದೆ, ನೋಡೋಣ.
ಎರಡು ವಾರದಿಂದ
ಆ 'ನೋಡೋಣ'ವನ್ನೇ ನುಂಗುತ್ತಿದ್ದೇನೆ.

ಮದ್ದಿನಮ್ಮನ ಗುಡಿ ಕೆರೆ ಏರಿಯ ಕೆಳಗೆ.
ಒಂದು ಬೇವು, ನಾಲ್ಕು ಶೀಟು,
ಬೇರು ಅರೆಯುವ ಕಲ್ಲೇ ದೇವರು.
ಅಮ್ಮನಿಗೆ ಕಿವಿ ಮಂದ, ಅಂದಳು ಪೂಜಾರಿ ಹಾಲಮ್ಮ,
ಸೀಕು ಯಾವುದೋ ಜೋರಾಗಿ ಹೇಳಬೇಕು.
ನನ್ನ ಮುಂದಿದ್ದವನು ತನ್ನ ಮೂಲವ್ಯಾಧಿಯನ್ನು
ಕೆರೆಯಾಚೆಗೂ ಕೇಳುವಂತೆ ಸಾರಿ
ಹೆಂಡತಿಯ ಬೆನ್ನ ಹಿಂದೆ ಅಡಗಿದ.

ನಾನು ಬಾಯಿ ತೆರೆದೆ.
ಬರೀ ಗಾಳಿ ಬಂತು.
ಹಾಲಮ್ಮ ಕಾದಳು. ಸಾಲು ಕಾಯಿತು.
ಚೀಲದಲ್ಲಿ ಕೈಯಾಡಿಸಿದರೆ ಸಿಕ್ಕಿದ್ದು ಸೀಟಿ.

ಒಂದೇ ಸಲ ಊದಿದೆ, ಉದ್ದಕ್ಕೆ.
ಬೇವಿನ ಗಿಳಿಗಳು ಚದುರಿದವು.
ಒಂದು ಸೀಟಿ ಎಂದರೆ ನಿಲ್ಲಿಸು,
ನಮ್ಮ ರೂಟಿನ ದನಗಳಿಗೂ ಗೊತ್ತು.
ಒಳಗೊಳಗೇ ಅಂದೆ:
ಇಳಿಯೋರು ಇಳ್ಕೊಳ್ಳಿ,
ನಿನ್ನ ಸ್ಟಾಪು ಬಂತು, ಗಂಟೇ.

ಹಾಲಮ್ಮ ನಗಲಿಲ್ಲ.
ಒಂದು ಮೊಣಕಾಲು, ಒಂದು ಕಿವಿಯ ನಡುವೆ
ಚಿಟ್ಟೆಯನ್ನು ಮೊಳೆಗೆ ಸಿಕ್ಕಿಸಿದಳು.
ಕಲ್ಲಿನ ಅರಿಶಿನ ನನ್ನ ಕತ್ತಿಗೆ ಸವರಿ
ಆಸ್ಪತ್ರೆ ತಪ್ಪಿಸಬೇಡ ಮತ್ತೆ, ಎಂದು ಗದರಿದಳು.

ವಾಪಸ್ ಬಸ್ಸಿಗೆ ಹೊಸ ಹುಡುಗ ಕಂಡಕ್ಟರು.
ನನ್ನ ಗುರುತು ಹಿಡಿದು
ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ.
ಎಲ್ಲರೂ ಹತ್ತಿಯಾಯಿತು, ಬಾಗಿಲೂ ಮುಚ್ಚಿತು.
ಅವನು ರೈಟ್ ಅನ್ನದೆ
ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.